ಕೃತಕ ಸಂಕರಣ: ರಾಗಿ ಹೊಲದಿಂದ ಹತ್ತಿ ಹೊಲದವರೆಗೆ

ನಾಗರಬಾವಿಯ ಬಡಾವಣೆಗಳಲ್ಲಿ ಇಂದು ಓಡಾಡುವ ವಿದ್ಯಾರ್ಥಿಗೆ, ಈ ನೆಲದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿತ್ತು ಎಂದರೆ ನಂಬುವುದು ಕಷ್ಟವಾದೀತು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಬರುವ ಮೊದಲು, ರಾಷ್ಟ್ರೀಯ ಕಾನೂನು ಶಾಲೆ ಬರುವ ಮೊದಲು, ವರ್ತುಲ ರಸ್ತೆ ಬರುವ ಮೊದಲು ಇದೂ ಬೆಂಗಳೂರಿನ ಸುತ್ತಣ ಹಳ್ಳಿಗಳಂತೆ ಒಂದು ಹಳ್ಳಿ. ಮುಂಗಾರಿನಲ್ಲಿ ಕೂರಿಗೆಯಿಂದ ಬಿತ್ತಿದ ರಾಗಿ, ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು. ಸುಗ್ಗಿಯಾದ ಮೇಲೆ ಕಣ, ಕಣದಿಂದ ಹಗೇವು. ಬಯಲುಸೀಮೆಯ ಈ ಭಾಗದಲ್ಲಿ ಜಾತಿ ಧರ್ಮಗಳ ಭೇದವಿಲ್ಲದೆ ಎಲ್ಲರ ಮನೆಯ ಊಟವೂ ರಾಗಿ ಮುದ್ದೆಯೇ ಆಗಿತ್ತು.

ನಮ್ಮ ಮಕ್ಕಳು ಜೀವಶಾಸ್ತ್ರದ ಪಠ್ಯದಲ್ಲಿ ‘ಕೃತಕ ಸಂಕರಣ’ ಎಂಬ ಪಾಠವನ್ನು ಓದುತ್ತಾರೆ. ಪುಂಕೇಸರ ತೆಗೆಯುವುದು, ಹೂವಿಗೆ ಚೀಲ ತೊಡಿಸುವುದು, ಬೇರೆ ಗಿಡದ ಪರಾಗ ಸವರುವುದು, ಹೆಸರು ಬರೆದ ಚೀಟಿ ಕಟ್ಟುವುದು ಎಂದು ನಾಲ್ಕು ಹಂತಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬರುತ್ತಾರೆ. ಆದರೆ ಈ ವಿದ್ಯೆ ನಮ್ಮದೇ ನಾಡಿನಲ್ಲಿ ಯಾರ ಕೈಯಲ್ಲಿ ಬೆಳೆಯಿತು, ಅದರಿಂದ ಯಾರ ತಟ್ಟೆ ತುಂಬಿತು, ಅದಕ್ಕಾಗಿ ಯಾರ ಶಾಲೆ ತಪ್ಪಿತು ಎಂಬುದನ್ನು ಯಾವ ಪಠ್ಯವೂ ಹೇಳುವುದಿಲ್ಲ. ಆ ಚರಿತ್ರೆಯನ್ನು ಸಂಕ್ಷೇಪವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಖರ್ಜೂರದ ತೋಟದಿಂದ ಬಟಾಣಿ ಗಿಡದವರೆಗೆ

ಮನುಷ್ಯ ತನ್ನ ಕೈಯಿಂದ ಹೂವಿಗೆ ಪರಾಗ ಮುಟ್ಟಿಸುವುದನ್ನು ಮೊದಲು ಕಲಿತದ್ದು ಖರ್ಜೂರದ ಮರದಲ್ಲಿ. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಂಡು ಮರದ ಹೊಂಬಾಳೆಯನ್ನು ಕಡಿದು ಹೆಣ್ಣು ಹೊಂಬಾಳೆಯ ನಡುವೆ ಇಡುವ ಪದ್ಧತಿ ಇರಾಕ್ ಮತ್ತು ಅರೇಬಿಯಾದ ರೈತರಲ್ಲಿ ಸಾವಿರಾರು ವರ್ಷಗಳಿಂದ ಇದೆ. ಮದೀನಾದ ಜನ ಹೀಗೆ ಮಾಡುತ್ತಿದ್ದುದನ್ನು ಪ್ರವಾದಿ ಮುಹಮ್ಮದ್(ಸ)ರವರು ಕಂಡ ಪ್ರಸಂಗವೊಂದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಅವರ ಮಾತು ಕೇಳಿ ಜನ ಆ ಕೆಲಸವನ್ನು ಬಿಟ್ಟಾಗ ಫಸಲು ಕಡಿಮೆಯಾಯಿತು. ಆಗ ಅವರು, ಇಂಥ ಲೌಕಿಕ ವಿಷಯಗಳಲ್ಲಿ ನಿಮಗೇ ಹೆಚ್ಚು ತಿಳಿದಿದೆ ಎಂಬ ಅರ್ಥದ ಮಾತು ಹೇಳಿದರು. ಕೃಷಿಯಲ್ಲಿ ಅನುಭವ ಮತ್ತು ಪರೀಕ್ಷೆಗೆ ಇರುವ ಸ್ಥಾನವನ್ನು ಈ ಪ್ರಸಂಗ ಸ್ಪಷ್ಟಪಡಿಸುತ್ತದೆ.

ಆದರೆ ಖರ್ಜೂರದ ಕೆಲಸ ಪರಾಗಸ್ಪರ್ಶವೇ ಹೊರತು ಸಂಕರಣವಲ್ಲ. ಎರಡು ಬೇರೆ ಬೇರೆ ತಳಿಗಳನ್ನು ಉದ್ದೇಶಪೂರ್ವಕವಾಗಿ ಕೂಡಿಸಿ ಮೂರನೆಯದನ್ನು ಪಡೆಯುವುದು ಸಂಕರಣ. ಸಸ್ಯಗಳಲ್ಲೂ ಗಂಡು ಹೆಣ್ಣು ಭಾಗಗಳಿವೆಯೆಂದು ಜರ್ಮನಿಯ ಕ್ಯಾಮರೇರಿಯಸ್ 1694ರಲ್ಲಿ ಪ್ರಯೋಗದಿಂದ ತೋರಿಸಿದರು. 1717ರಲ್ಲಿ ಲಂಡನ್ನಿನ ತೋಟಗಾರ ಥಾಮಸ್ ಫೇರ್‌ಚೈಲ್ಡ್ ಎರಡು ಬಗೆಯ ಹೂಗಿಡಗಳನ್ನು ಕೂಡಿಸಿ ಹೊಸ ಗಿಡ ಪಡೆದರು. 1760ರ ನಂತರ ಕೋಲ್‌ರಾಯ್ಟರ್ ತಂಬಾಕಿನಲ್ಲಿ ಕ್ರಮಬದ್ಧವಾಗಿ ಸಂಕರಣ ನಡೆಸಿದರು. 1866ರಲ್ಲಿ ಮೆಂಡೆಲ್ ಬಟಾಣಿ ಗಿಡಗಳ ಸಂಕರಣದಿಂದ ಆನುವಂಶಿಕತೆಯ ನಿಯಮಗಳನ್ನು ಪ್ರಕಟಿಸಿದರು. ಅದರ ಬೆಲೆ ಜಗತ್ತಿಗೆ ಗೊತ್ತಾದದ್ದು 1900ರಲ್ಲಿ.

ರಾಗಿ ಹೂವಿನ ಕಷ್ಟ

ಬಟಾಣಿಯ ಹೂವು ದೊಡ್ಡದು, ಚಿಮಟದಿಂದ ಬಿಡಿಸಿ ಕೇಸರಗಳನ್ನು ಕಿತ್ತುಹಾಕಬಹುದು. ರಾಗಿಯ ಹೂವಾದರೋ ಸಾಸಿವೆ ಕಾಳಿನಷ್ಟು. ಒಂದು ತೆನೆಯಲ್ಲಿ ಹಲವು ಬೆರಳುಗಳು, ಪ್ರತಿ ಬೆರಳಿನಲ್ಲೂ ಒತ್ತೊತ್ತಾಗಿ ಜೋಡಿಸಿದ ನೂರಾರು ಹೂವುಗಳು. ಪ್ರತಿ ಹೂವಿನಲ್ಲಿ ಮೂರು ಕೇಸರ, ಗರಿಯಂಥ ಎರಡು ಶಲಾಕಾಗ್ರ. ಹೂವು ಅರಳುವುದು ನಡುರಾತ್ರಿ ಕಳೆದ ಮೇಲೆ, ಸುಮಾರು ಒಂದರಿಂದ ಐದು ಗಂಟೆಯ ನಡುವೆ. ಅರಳುವ ಹೊತ್ತಿಗೇ ಪರಾಗಕೋಶ ಒಡೆದು ತನ್ನದೇ ಹೂವಿನ ಮೇಲೆ ಪರಾಗ ಚೆಲ್ಲಿಬಿಡುತ್ತದೆ. ಆದ್ದರಿಂದ ರಾಗಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಕಾಳು ಸ್ವಪರಾಗದಿಂದಲೇ ಕಟ್ಟುತ್ತವೆ. ಊರಿಗೊಂದು ತಳಿ ತಲೆಮಾರುಗಳ ಕಾಲ ಕೆಡದೆ ಉಳಿದುಬಂದದ್ದಕ್ಕೆ ಇದೇ ಕಾರಣ. ಎರಡು ತಳಿಗಳನ್ನು ಕೂಡಿಸಬೇಕೆಂದು ಹೊರಟವನಿಗೆ ಇದೇ ಅಡ್ಡಿ.

ಈ ಅಡ್ಡಿಯನ್ನು ದಾಟಲು ಒಂದು ಸರಳ ಉಪಾಯವನ್ನು 1930ರ ದಶಕದಲ್ಲಿ ಕೊಯಮತ್ತೂರಿನ ಸಿರಿಧಾನ್ಯ ತಜ್ಞ ಜಿ.ಎನ್. ರಂಗಸ್ವಾಮಿ ಅಯ್ಯಂಗಾರ್ ಬಳಕೆಗೆ ತಂದರು. ಅದಕ್ಕೆ ‘ಸಂಪರ್ಕ ವಿಧಾನ’ ಎನ್ನಬಹುದು. ಒಂದೇ ಸಮಯಕ್ಕೆ ಹೂವಾಗುವ ಎರಡು ತಳಿಗಳ ತೆನೆಗಳನ್ನು ಒಂದಕ್ಕೊಂದು ತಾಗುವಂತೆ ಸೇರಿಸಿ ಕಟ್ಟುವುದು, ಮೇಲೆ ಒಂದು ಚೀಲ ತೊಡಿಸುವುದು. ನೂರಾರು ಹೂವುಗಳಲ್ಲಿ ಎಲ್ಲೋ ಕೆಲವಕ್ಕೆ ನೆರೆಯ ತೆನೆಯ ಪರಾಗ ತಗುಲುತ್ತದೆ.

ಹಾಗಾದರೆ ಆ ಕೆಲವು ಕಾಳು ಯಾವುವು? ಕಾಳು ನೋಡಿದರೆ ತಿಳಿಯುವುದಿಲ್ಲ. ಇಲ್ಲಿ ಮೆಂಡೆಲನ ಪಾಠ ಕೆಲಸಕ್ಕೆ ಬಂತು. ಕೆಲವು ರಾಗಿ ತಳಿಗಳಲ್ಲಿ ಗಿಣ್ಣು ಮತ್ತು ತೆನೆಯ ಭಾಗಗಳಲ್ಲಿ ನೇರಳೆ ಬಣ್ಣವಿರುತ್ತದೆ, ಕೆಲವು ಪೂರ್ತಿ ಹಸಿರು. ನೇರಳೆ ಪ್ರಬಲ ಗುಣ. ಹಸಿರು ತಳಿಯನ್ನು ತಾಯಿಯಾಗಿ, ನೇರಳೆ ತಳಿಯನ್ನು ತಂದೆಯಾಗಿ ಇಟ್ಟುಕೊಂಡು, ತಾಯಿ ತೆನೆಯ ಕಾಳುಗಳನ್ನೆಲ್ಲ ಬಿತ್ತಬೇಕು. ಬೆಳೆದ ಪೈರಿನಲ್ಲಿ ಹಸಿರಾಗಿರುವುದೆಲ್ಲ ತಾಯಿಯದೇ ಸ್ವಂತ ಸಂತಾನ. ಅಲ್ಲೊಂದು ಇಲ್ಲೊಂದು ನೇರಳೆ ಛಾಯೆಯ ಗಿಡ ಕಂಡರೆ ಅದು ನಿಜವಾದ ಸಂಕರ. ಮುಂದೆ, 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ತೆನೆಯನ್ನು ಐದು ನಿಮಿಷ ಅದ್ದಿ, ಹೆಣ್ಣು ಭಾಗಕ್ಕೆ ಹಾನಿಯಾಗದಂತೆ ಪರಾಗವನ್ನು ನಿಷ್ಕ್ರಿಯಗೊಳಿಸುವ ವಿಧಾನವೂ ಬಂತು. ಆದರೂ ದಾರ, ಚೀಲ ಮತ್ತು ತೀಕ್ಷ್ಣ ಕಣ್ಣು ಇವೇ ಬಹುಕಾಲ ರಾಗಿ ವಿಜ್ಞಾನಿಯ ಮುಖ್ಯ ಉಪಕರಣಗಳಾಗಿದ್ದವು.

ಹೆಬ್ಬಾಳದಿಂದ ಮಂಡ್ಯಕ್ಕೆ

ಮೈಸೂರು ಸಂಸ್ಥಾನದಲ್ಲಿ ಕೃಷಿ ಸಂಶೋಧನೆಗೆ ನೆಲೆ ಸಿಕ್ಕಿದ್ದು ಹೆಬ್ಬಾಳದಲ್ಲಿ. 1899ರಲ್ಲಿ ರೀಜೆಂಟ್ ಮಹಾರಾಣಿಯವರು ಅಲ್ಲಿ 30 ಎಕರೆ ಭೂಮಿ ಕೊಟ್ಟರು. ಕೆನಡಾದಿಂದ 1908ರಲ್ಲಿ ಬಂದ ಡಾ. ಲೆಸ್ಲಿ ಕೋಲ್ಮನ್ ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ, ಜನರ ಮುಖ್ಯ ಆಹಾರವಾದ ರಾಗಿಯ ಕಡೆ ಗಮನ ಹರಿಸಿದರು. ಆಗ ನಡೆದದ್ದು ಸಂಕರಣವಲ್ಲ, ಆಯ್ಕೆ. ರೈತರ ಹೊಲಗಳಿಂದ ಒಳ್ಳೆಯ ತೆನೆಗಳನ್ನು ಆರಿಸಿ, ಬೇರೆ ಬೇರೆಯಾಗಿ ಬೆಳೆಸಿ, ಉತ್ತಮವಾದುದನ್ನು ಉಳಿಸಿಕೊಳ್ಳುವುದು. 1918ರಲ್ಲಿ ಹೊರಬಂದ ‘ಎಚ್-22’ ಹೀಗೆ ದೊರೆತ ತಳಿ. ಆದರೆ ಆಯ್ಕೆಗೆ ಒಂದು ಮಿತಿ ಇದೆ. ಹೊಲದಲ್ಲಿ ಇರುವುದನ್ನು ಆರಿಸಬಹುದೇ ಹೊರತು ಇಲ್ಲದ ಗುಣವನ್ನು ತರಲಾಗದು.

ಆ ಮಿತಿಯನ್ನು ದಾಟಿದ ವ್ಯಕ್ತಿ ಲಕ್ಷ್ಮಣಯ್ಯ. ಮೈಸೂರು ಬಳಿಯ ಹಾರೋಹಳ್ಳಿಯಲ್ಲಿ 1921ರಲ್ಲಿ ಹುಟ್ಟಿದ ಅವರು ಮಂಡ್ಯದ ವಿ.ಸಿ. ಫಾರಂನಲ್ಲಿ ತಮ್ಮ ಜೀವಮಾನದ ಕೆಲಸ ಮಾಡಿದರು. ಕೆಂಗೇರಿಯ ಮೇಲೆ ಹಾದುಹೋಗುವ ಮೈಸೂರು ರಸ್ತೆಯಲ್ಲಿ ನಮ್ಮಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ವಿಶ್ವೇಶ್ವರಯ್ಯ ನಾಲೆಯ ಆಸರೆಯಲ್ಲಿರುವ ಕೃಷಿ ಕ್ಷೇತ್ರ ಅದು. 1951ರಿಂದ ಸುಮಾರು 1964ರವರೆಗೆ ಅವರು ನಮ್ಮ ನಾಡಿನ ರಾಗಿ ತಳಿಗಳನ್ನೇ ಪರಸ್ಪರ ಕೂಡಿಸಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಕೊಟ್ಟರು. ಹೆಸರುಗಳಲ್ಲೇ ಒಂದು ಆಶಯವಿರುವುದನ್ನು ಓದುಗರು ಗಮನಿಸಬಹುದು.

ಆಫ್ರಿಕದ ನೆಂಟಸ್ತಿಕೆ

ರಾಗಿ ನಮ್ಮದೇ ಎಂದು ನಾವು ಭಾವಿಸಿದ್ದರೂ ಅದರ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶ, ಅಂದರೆ ಇಂದಿನ ಇಥಿಯೋಪಿಯ, ಉಗಾಂಡಗಳ ಸೀಮೆ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಸಮುದ್ರ ಮಾರ್ಗವಾಗಿ ಭಾರತಕ್ಕೆ ಬಂದು ಇಲ್ಲಿನ ಕೆಂಪು ಮಣ್ಣಿಗೆ ಒಗ್ಗಿಕೊಂಡಿತು. ಬಹುಕಾಲ ದೂರವಿದ್ದುದರಿಂದ ಎರಡೂ ಕಡೆಯ ರಾಗಿಗಳ ಗುಣಗಳು ಬೇರೆಯಾದವು. ಆಫ್ರಿಕದ ತಳಿಗಳಿಗೆ ದಪ್ಪ ಕಡ್ಡಿ, ದೊಡ್ಡ ತೆನೆ. ನಮ್ಮ ತಳಿಗಳಿಗೆ ನಮ್ಮ ಮಳೆ, ಹಗಲು, ಮಣ್ಣುಗಳಿಗೆ ಹೊಂದಿಕೊಂಡ ಗುಣ.

ದೂರದ ಈ ನೆಂಟರನ್ನು ಮತ್ತೆ ಕೂಡಿಸಬೇಕೆಂಬುದು ಲಕ್ಷ್ಮಣಯ್ಯನವರ ಯೋಚನೆ. 1960ರ ದಶಕದ ಮಧ್ಯದಲ್ಲಿ ಆರಂಭವಾದ ಈ ಕೆಲಸದಿಂದ ಬಂದ ತಳಿಗಳೇ ‘ಇಂಡಾಫ್’. ಇಂಡಿಯಾದ ‘ಇಂಡ್’, ಆಫ್ರಿಕದ ‘ಆಫ್’. ಕಾಲವನ್ನೂ ನೆನಪಿಡಬೇಕು. 1965 ಮತ್ತು 1966ರಲ್ಲಿ ಸತತವಾಗಿ ಮಳೆ ಕೈಕೊಟ್ಟು, ದೇಶ ಅಮೆರಿಕದಿಂದ ಹಡಗಿನಲ್ಲಿ ಬರುವ ಗೋಧಿಗಾಗಿ ಕಾಯುತ್ತಿತ್ತು. ಹಸಿರು ಕ್ರಾಂತಿಯ ಗಮನವೆಲ್ಲ ನೀರಾವರಿಯ ಗೋಧಿ ಮತ್ತು ಭತ್ತದ ಮೇಲಿತ್ತು. ಅಂಥ ಹೊತ್ತಿನಲ್ಲಿ ಮಳೆಯನ್ನೇ ನಂಬಿದ ಬಡ ರೈತನ ಬೆಳೆಗೆ ಒಬ್ಬ ವಿಜ್ಞಾನಿ ತನ್ನ ದಿನಗಳನ್ನೆಲ್ಲ ಮೀಸಲಿಟ್ಟದ್ದು ಸಣ್ಣ ಮಾತಲ್ಲ.

ಒಂದು ಸಂಕರ ಗಿಡ ಸಿಕ್ಕರೆ ತಳಿ ಸಿಕ್ಕಂತಲ್ಲ ಎಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. ಮೊದಲ ಪೀಳಿಗೆಯ ಗಿಡದ ಕಾಳು ಬಿತ್ತಿದರೆ ಎರಡನೆಯ ಪೀಳಿಗೆಯಲ್ಲಿ ಗುಣಗಳೆಲ್ಲ ಚದುರುತ್ತವೆ. ಒಂದು ಗಿಡ ಎತ್ತರ, ಒಂದು ಗಿಡ್ಡ. ಒಂದರ ತೆನೆ ದೊಡ್ಡದು ಆದರೆ ತಡವಾಗಿ ಕೊಯ್ಲಿಗೆ ಬರುತ್ತದೆ. ಇನ್ನೊಂದು ಬೇಗ ಬರುತ್ತದೆ ಆದರೆ ಕಾಳು ಉದುರುತ್ತದೆ. ಸಾವಿರಾರು ಗಿಡಗಳ ನಡುವೆ ನಡೆದು ಬೇಕಾದುದನ್ನು ಆರಿಸಿ, ಮತ್ತೆ ಬಿತ್ತಿ, ಮತ್ತೆ ಆರಿಸಿ, ಆರೇಳು ಪೀಳಿಗೆ ಕಳೆದ ಮೇಲೆ ಗುಣಗಳು ನೆಲೆಗೊಳ್ಳುತ್ತವೆ. ಆನಂತರ ಊರೂರಿನ ಹೊಲಗಳಲ್ಲಿ ಪರೀಕ್ಷೆ. ಒಂದು ತಳಿಗೆ ಎಂಟು ಹತ್ತು ವರ್ಷ ಹಿಡಿಯುವುದು ಸಾಮಾನ್ಯ.

1970ರ ದಶಕದಿಂದ ಇಂಡಾಫ್ ತಳಿಗಳು ಒಂದೊಂದಾಗಿ ರೈತರ ಕೈ ಸೇರಿದವು. ಮುಂಗಾರಿನ ದೀರ್ಘಾವಧಿಗೆ ಇಂಡಾಫ್-8, ಬೇಗನೆ ಕೊಯ್ಲಿಗೆ ಬರುವ ಇಂಡಾಫ್-9, ಇವೆರಡರ ನಡುವಿನ ಇಂಡಾಫ್-5 ಹೀಗೆ ಹಂಗಾಮಿಗೆ ತಕ್ಕ ತಳಿಗಳು ದೊರೆತವು. ಮಳೆ ತಡವಾದರೆ ಆ ವರ್ಷದ ರಾಗಿ ಹೋಯಿತು ಎಂಬ ಸ್ಥಿತಿ ತಪ್ಪಿತು. ಈ ತಳಿಗಳಿಂದ ಕರ್ನಾಟಕದ ರಾಗಿ ಇಳುವರಿ ಸರಾಸರಿ ಅರ್ಧದಷ್ಟು ಹೆಚ್ಚಿತೆಂದು ಲೆಕ್ಕ ಹೇಳುತ್ತಾರೆ. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. 1993ರಲ್ಲಿ ಅವರು ತೀರಿಕೊಂಡರು.

ಇಂಡಾಫ್ ತಳಿಗಳಿಗೆ ಒಂದು ದೌರ್ಬಲ್ಯವಿತ್ತು. ಬೆಂಕಿ ರೋಗ ತಗುಲಿದರೆ ತೆನೆಯ ಕುತ್ತಿಗೆ ಕಪ್ಪಾಗಿ ಕಾಳು ಜೊಳ್ಳಾಗುತ್ತಿತ್ತು. ಅದಕ್ಕೂ ಉತ್ತರ ಆಫ್ರಿಕದ ರಕ್ತ ಸಂಬಂಧದಿಂದಲೇ ಬಂತು. ಸಿರಿಧಾನ್ಯ ಯೋಜನೆಯ ಸಮನ್ವಯ ಘಟಕ ಆಗ ಬೆಂಗಳೂರಿನ ಜಿ.ಕೆ.ವಿ.ಕೆ.ಯಲ್ಲಿತ್ತು. ಅಲ್ಲಿನ ವಿಜ್ಞಾನಿಗಳು ಇಂಡಾಫ್-9ನ್ನು ರೋಗ ತಡೆಯುವ ಒಂದು ತಳಿಯೊಂದಿಗೆ ಕೂಡಿಸಿ, ಆ ಸಂತಾನವನ್ನು ಇಂಡಾಫ್-5ರೊಂದಿಗೆ ಕೂಡಿಸಿ, 1990ರ ದಶಕದಲ್ಲಿ ‘ಜಿ.ಪಿ.ಯು.-28’ ಎಂಬ ತಳಿಯನ್ನು ಕೊಟ್ಟರು. ದಕ್ಷಿಣ ಕರ್ನಾಟಕದ ರೈತರಿಗೆ ಇದು ಚಿರಪರಿಚಿತ ಹೆಸರು. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವ ರಾಜ್ಯ ನಮ್ಮದು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿದಾಗ ನಾವು ಹೆಮ್ಮೆಯಿಂದ ತೋರಿಸಿದ ರಾಗಿಯ ಹಿಂದೆ ಈ ಎಪ್ಪತ್ತು ವರ್ಷಗಳ ತಾಳ್ಮೆ ಇತ್ತು.

ಧಾರವಾಡದ ವರಲಕ್ಷ್ಮಿ

ಉತ್ತರ ಕರ್ನಾಟಕದ ಕಪ್ಪು ನೆಲದ ಕಥೆ ಬೇರೆ. 1970ರಲ್ಲಿ ಗುಜರಾತಿನ ಸೂರತ್ತಿನಲ್ಲಿ ಸಿ.ಟಿ. ಪಟೇಲರು ‘ಎಚ್-4’ ಎಂಬ ಹೈಬ್ರಿಡ್ ಹತ್ತಿಯನ್ನು ರೂಪಿಸಿದರು. ಎರಡು ವರ್ಷದ ನಂತರ, 1972ರಲ್ಲಿ, ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರ್ಕಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಲಕ್ಷ್ಮಿ ಎಂಬ ತಳಿಯನ್ನು, ಹತ್ತಿಯ ಬೇರೆಯದೇ ಪ್ರಭೇದಕ್ಕೆ ಸೇರಿದ, ಉದ್ದ ನೂಲಿನ ತಳಿಯೊಂದಿಗೆ ಕೂಡಿಸಿದರು. ಹೀಗೆ ಹುಟ್ಟಿದ ‘ವರಲಕ್ಷ್ಮಿ’ ಎರಡು ಪ್ರಭೇದಗಳ ನಡುವಿನ ಸಂಕರದಿಂದ ಬಂದು ರೈತರ ಹೊಲ ಸೇರಿದ ಮೊದಲ ಹತ್ತಿ. ಹೊರದೇಶದಿಂದ ತರಿಸುತ್ತಿದ್ದ ನಯವಾದ ಉದ್ದ ಎಳೆಯ ಹತ್ತಿ ನಮ್ಮಲ್ಲೇ ಬೆಳೆಯಿತು. 1981ರಲ್ಲಿ ಧಾರವಾಡದಿಂದಲೇ ‘ಡಿ.ಸಿ.ಎಚ್.-32’ ಬಂತು.

ತರಕಾರಿಯಲ್ಲೂ ಇದೇ ಕಾಲಕ್ಕೆ ಬೆಂಗಳೂರು ಮುಂದಾಯಿತು. ಮನಮೋಹನ ಅತ್ತಾವರ ಅವರು 1965ರಲ್ಲಿ ಆರಂಭಿಸಿದ ಸಂಸ್ಥೆ 1973ರಲ್ಲಿ ಹೈಬ್ರಿಡ್ ಟೊಮೆಟೊ ಮತ್ತು ದಪ್ಪ ಮೆಣಸಿನಕಾಯಿ ಬೀಜಗಳನ್ನು ಮಾರುಕಟ್ಟೆಗೆ ತಂದಿತು. ಬೀಜೋತ್ಪಾದನೆಯ ಕೆಲಸ ಕ್ರಮೇಣ ರಾಣೆಬೆನ್ನೂರು ಸುತ್ತಣ ಸಣ್ಣ ಹಿಡುವಳಿದಾರರ ಹೊಲಗಳಿಗೆ ಹಬ್ಬಿತು.

ಒಮ್ಮೆಯ ಕೆಲಸ, ವರ್ಷವರ್ಷದ ಕೆಲಸ

ಇಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಇಂಡಾಫ್ ರಾಗಿಯಲ್ಲಿ ಸಂಕರಣ ನಡೆದದ್ದು ಒಂದೇ ಸಲ, ವಿಜ್ಞಾನಿಯ ಕೈಯಲ್ಲಿ. ತಳಿ ನೆಲೆಗೊಂಡ ಮೇಲೆ ರೈತ ತನ್ನ ಕಣದ ರಾಗಿಯನ್ನೇ ಮುಂದಿನ ವರ್ಷ ಬಿತ್ತಬಹುದು, ನೆರೆಯವನಿಗೆ ಒಂದು ಸೇರು ಕೊಡಬಹುದು. ಹೈಬ್ರಿಡ್ ಹತ್ತಿ ಹಾಗಲ್ಲ. ಅದರ ಶಕ್ತಿ ಇರುವುದು ಮೊದಲ ಪೀಳಿಗೆಯಲ್ಲಿ ಮಾತ್ರ. ಬೆಳೆದ ಹತ್ತಿಯ ಬೀಜ ಬಿತ್ತಿದರೆ ಗುಣ ಚದುರುತ್ತದೆ. ಆದ್ದರಿಂದ ರೈತ ಪ್ರತಿ ವರ್ಷ ಬೀಜ ಕೊಳ್ಳಬೇಕು. ಬೀಜ ಮಾಡುವವರು ಪ್ರತಿ ವರ್ಷ, ಪ್ರತಿ ಹೂವಿಗೆ, ಕೈಯಿಂದ ಸಂಕರಣ ಮಾಡಬೇಕು.

ಅದು ಹೇಗೆಂದರೆ, ನಾಳೆ ಅರಳಬೇಕಾದ ಮೊಗ್ಗನ್ನು ಇಂದು ಸಂಜೆ ಗುರುತಿಸಿ, ಹೆಬ್ಬೆರಳ ಉಗುರಿನಿಂದ ಎಸಳು ಮತ್ತು ಕೇಸರದ ಕೊಳವೆಯನ್ನು ಒಟ್ಟಿಗೆ ಸುಲಿದು ತೆಗೆಯಬೇಕು. ಒಳಗಿನ ಹೆಣ್ಣು ಭಾಗಕ್ಕೆ ಗಾಯವಾಗಬಾರದು, ಒಂದು ಕೇಸರವೂ ಉಳಿಯಬಾರದು. ಮೇಲೆ ಕೆಂಪು ಕಾಗದದ ಚೀಲ ತೊಡಿಸಬೇಕು. ಮರುದಿನ ಬೆಳಿಗ್ಗೆ ಗಂಡು ತಳಿಯ ಹೂವು ತಂದು, ಚೀಲ ತೆಗೆದು, ಪರಾಗ ಸವರಿ, ಗುರುತಿಗೆ ದಾರ ಕಟ್ಟಬೇಕು. ಹೂಬಿಡುವ ಕಾಲ ಮುಗಿಯುವವರೆಗೆ, ಎರಡು ತಿಂಗಳಿಗೂ ಹೆಚ್ಚು, ಒಂದು ದಿನವೂ ಬಿಡುವಿಲ್ಲದೆ ಇದು ನಡೆಯಬೇಕು. ಹೆಚ್ಚಿನ ದೇಶಗಳಲ್ಲಿ ಹೈಬ್ರಿಡ್ ಹತ್ತಿ ಬಳಕೆಗೆ ಬಾರದಿರಲು ಈ ಕೂಲಿ ವೆಚ್ಚವೇ ಮುಖ್ಯ ಕಾರಣ. ಭಾರತದಲ್ಲಿ ಅದು ಸಾಧ್ಯವಾದದ್ದು ಕೈಗಳು ಅಗ್ಗವಾಗಿ ಸಿಕ್ಕಿದ್ದರಿಂದ.

ಆ ಕೈಗಳು ಯಾರವು?

ಅವುಗಳಲ್ಲಿ ಬಹುಪಾಲು ಹೆಣ್ಣುಮಕ್ಕಳ ಕೈಗಳು. ಎಂಟು, ಹತ್ತು, ಹನ್ನೆರಡು ವರ್ಷದ ಬಾಲೆಯರು. 1990ರ ದಶಕದ ಕೊನೆಯಿಂದ ಆಂಧ್ರಪ್ರದೇಶ, ಗುಜರಾತ್, ಕರ್ನಾಟಕಗಳ ಹತ್ತಿ ಬೀಜದ ಹೊಲಗಳಲ್ಲಿ ಸಾವಿರಾರು ಮಕ್ಕಳು ದುಡಿಯುತ್ತಿರುವುದು ಅಧ್ಯಯನಗಳಿಂದ ಬೆಳಕಿಗೆ ಬಂತು. ತರಕಾರಿ ಬೀಜದ ಹೊಲಗಳಲ್ಲೂ ಇದೇ ಸ್ಥಿತಿ ಕಂಡುಬಂತು. ಮಕ್ಕಳ ಬೆರಳು ಸಣ್ಣ, ಚುರುಕು, ಹೂವಿಗೆ ಗಾಯವಾಗದು ಎಂದು ಸಮರ್ಥನೆ ಕೊಡುತ್ತಿದ್ದರು. ನಿಜವಾದ ಕಾರಣ ದೊಡ್ಡವರಿಗಿಂತ ಕಡಿಮೆ ಕೂಲಿ, ಮುಂಗಡ ಕೊಟ್ಟು ಇಡೀ ಹಂಗಾಮಿಗೆ ಹಿಡಿದಿಡುವ ಅನುಕೂಲ. ಹತ್ತಿ ಹೂಬಿಡುವುದು ಶಾಲೆಗಳು ನಡೆಯುವ ತಿಂಗಳುಗಳಲ್ಲೇ. ಎರಡು ತಿಂಗಳು ತಪ್ಪಿದ ಮಗು ಪಾಠದಲ್ಲಿ ಹಿಂದೆ ಬೀಳುತ್ತದೆ, ಹಿಂದೆ ಬಿದ್ದ ಮಗು ಮತ್ತೆ ಶಾಲೆಗೆ ಬರಲು ಹಿಂಜರಿಯುತ್ತದೆ. ಕೀಟನಾಶಕ ಸಿಂಪಡಿಸಿದ ಗಿಡಗಳ ನಡುವೆ ಬರಿಗೈಯಲ್ಲಿ ನಿಲ್ಲುವುದರ ಅಪಾಯವನ್ನು ಬೇರೆ ಹೇಳಬೇಕಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 2016ರ ತಿದ್ದುಪಡಿಯಿಂದ 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಉದ್ಯೋಗದಲ್ಲಿ ನೇಮಿಸುವುದು ನಿಷಿದ್ಧವಾಯಿತು. ಆದರೆ ಶಾಲಾ ಅವಧಿಯ ಆಚೆ ಕುಟುಂಬದ ಕೆಲಸದಲ್ಲಿ ನೆರವಾಗಬಹುದೆಂಬ ವಿನಾಯಿತಿ ಉಳಿಯಿತು. ಹೊಲದ ಕೆಲಸ ಕುಟುಂಬದ ಕೆಲಸವೂ ಹೌದಾದ್ದರಿಂದ ಕಾನೂನಿನ ಕಣ್ಣು ಎಲ್ಲ ಕಡೆ ತಲುಪುವುದು ಕಷ್ಟ.

ತಂತ್ರಜ್ಞಾನದಲ್ಲೇ ಇದಕ್ಕೊಂದು ದಾರಿ ಇದೆ ಎಂಬುದನ್ನೂ ಹೇಳಬೇಕು. ಕೆಲವು ಗಿಡಗಳಲ್ಲಿ ಹುಟ್ಟಿನಿಂದಲೇ ಪರಾಗ ಬಂಜೆಯಾಗಿರುತ್ತದೆ. ಅಂಥವನ್ನು ತಾಯಿಯಾಗಿ ಬಳಸಿದರೆ ಕೇಸರ ಕೀಳುವ ಕೆಲಸವೇ ಇಲ್ಲ. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೊರತಂದ ಸೂರ್ಯಕಾಂತಿ ‘ಬಿ.ಎಸ್.ಎಚ್.-1’, 1996ರಲ್ಲಿ ಅದೇ ಮಂಡ್ಯದ ವಿ.ಸಿ. ಫಾರಂನಿಂದ ಬಂದ ಭತ್ತದ ‘ಕೆ.ಆರ್.ಎಚ್.-2’ ಈ ವಿಧಾನದವು. ಹತ್ತಿಯಲ್ಲೂ ಇಂಥ ಗಿಡಗಳಿವೆ. ಅಂದರೆ ಮಗುವಿನ ಬೆರಳು ಇಲ್ಲದೆ ಹೈಬ್ರಿಡ್ ಬೀಜ ಆಗದು ಎಂಬ ಮಾತು ವಿಜ್ಞಾನದ ಮಾತಲ್ಲ.

ನಾವು ಕಲಿಯಬೇಕಾದದ್ದು

ಒಂದೇ ವಿದ್ಯೆ ಎರಡು ರೀತಿ ಫಲ ಕೊಟ್ಟದ್ದನ್ನು ನಾವು ನೋಡಿದೆವು. ಮಂಡ್ಯದಲ್ಲಿ ಅದು ಬಡವನ ಹಗೇವು ತುಂಬಿಸಿತು. ಹತ್ತಿಯ ಹೊಲದಲ್ಲಿ ಅದು ಬಟ್ಟೆಯ ಉದ್ಯಮಕ್ಕೆ ಉದ್ದ ನೂಲು ಕೊಟ್ಟಿತು, ರೈತನಿಗೆ ಹಣ ಕೊಟ್ಟಿತು, ಜೊತೆಗೆ ಹಲವು ಹೆಣ್ಣುಮಕ್ಕಳ ಶಾಲೆಯನ್ನು ಕಸಿಯಿತು. ದೋಷ ವಿದ್ಯೆಯದಲ್ಲ. ಅದರ ಶ್ರಮವನ್ನು ಯಾರ ಮೇಲೆ ಹೊರಿಸುತ್ತೇವೆ ಎಂಬುದನ್ನು ನಿರ್ಧರಿಸುವವರು ನಾವು.

ಶಿಕ್ಷಣಕ್ಕಾಗಿ ದುಡಿಯುವ ಸಂಘವೊಂದರ ಸದಸ್ಯರಿಗೆ ಇದರಲ್ಲಿ ಎರಡು ಕೆಲಸಗಳಿವೆ. ಹಾವೇರಿ, ಧಾರವಾಡ, ಗದಗ, ಕೊಪ್ಪಳದ ಕಡೆಯಿಂದ ವಿದ್ಯಾರ್ಥಿವೇತನಕ್ಕೆ ಅರ್ಜಿ ಬಂದಾಗ ಹುಡುಗಿಯ ಹಾಜರಾತಿ ಮಳೆಗಾಲದ ನಂತರ ಏಕೆ ಕುಸಿದಿದೆ ಎಂದು ಒಮ್ಮೆ ವಿಚಾರಿಸಬೇಕು. ಹಾಜರಾತಿ ಕಡಿಮೆ ಎಂದು ಅರ್ಜಿಯನ್ನು ಪಕ್ಕಕ್ಕಿಡುವ ಬದಲು, ಆ ಕಾರಣಕ್ಕಾಗಿಯೇ ಅವಳಿಗೆ ಮೊದಲು ಕೊಡಬೇಕಾದೀತು. ಎರಡನೆಯದು, ನಮ್ಮ ವಿದ್ಯಾರ್ಥಿಗಳು ಇಂಜಿನಿಯರಿಂಗ್ ಮತ್ತು ವೈದ್ಯಕೀಯದ ಆಚೆಗೂ ನೋಡಬೇಕು. ಜಿ.ಕೆ.ವಿ.ಕೆ., ಧಾರವಾಡಗಳಲ್ಲಿ ಕೃಷಿ ವಿಜ್ಞಾನ ಕಲಿಯುವ ಅವಕಾಶ ನಮ್ಮ ಮನೆಬಾಗಿಲಲ್ಲೇ ಇದೆ. ಹತ್ತಿಯ ಹೊಲದಲ್ಲಿ ಹೂವು ಸುಲಿದ ಹುಡುಗಿಗೆ ಸಂಕರಣದ ಕೈಚಳಕ ಪಠ್ಯ ಓದಿದವರಿಗಿಂತ ಚೆನ್ನಾಗಿ ಗೊತ್ತು. ಅವಳಿಗೆ ಸಿಗದಿರುವುದು ಆ ಕೈಯ ಹಿಂದಿನ ವಿಜ್ಞಾನ. ಅದು ಸಿಕ್ಕಿದರೆ ಮುಂದಿನ ತಳಿಗೆ ಹೆಸರಿಡುವವಳು ಅವಳೇ ಆಗಬಹುದು.

ಇಂದು ರಾತ್ರಿ ಊಟಕ್ಕೆ ಕೂತಾಗ ತಟ್ಟೆಯಲ್ಲಿ ಮುದ್ದೆ ಇದ್ದರೆ, ಎರಡು ತೆನೆಗಳನ್ನು ದಾರದಿಂದ ಕಟ್ಟಿ, ಸಾವಿರ ಹಸಿರು ಪೈರುಗಳ ನಡುವೆ ಒಂದು ನೇರಳೆ ಗಿಡಕ್ಕಾಗಿ ಹುಡುಕಿದವರನ್ನು ನೆನೆಯೋಣ. ಮೈಮೇಲಿನ ಹತ್ತಿ ಬಟ್ಟೆ ನೋಡಿದಾಗ ಅದರ ಬೀಜ ಮಾಡಿದ ಕೈಗಳನ್ನೂ ಮರೆಯದಿರೋಣ.